ಮಳೆಗಾಲ ಕಳೆದ ಮೇಲೆ ಚಾರ್ಜ್ ಆಗದ ಪ್ಯಾಕ್: ಕರಾವಳಿಯ ಮನೆ ವರ್ಕ್‌ಶಾಪ್ ಒಂದರ ಪ್ರಕರಣ

ಕರಾವಳಿಯ ಹಲವು ಮನೆಗಳಲ್ಲಿ ಕಾರ್ಡ್‌ಲೆಸ್ ಡ್ರಿಲ್‌ನ ಬ್ಯಾಟರಿ ಕೆಟ್ಟಿರುವುದು ಗೊತ್ತಾಗುವುದೇ ಆಯುಧ ಪೂಜೆಗೆ ಟೂಲ್‌ಗಳನ್ನು ಕೆಳಗಿಳಿಸಿ ಒರೆಸುವ ದಿನ. ಮೇ ಕೊನೆಯಲ್ಲಿ ಚೆನ್ನಾಗಿಯೇ ತಿರುಗಿದ್ದ ಡ್ರಿಲ್ ಈಗ ಟ್ರಿಗರ್ ಒತ್ತಿದರೆ ಮಿಸುಕುವುದಿಲ್ಲ. ಬ್ಯಾಟರಿ ಪ್ಯಾಕನ್ನು ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿಟುಕುತ್ತದೆ, ಅಷ್ಟೇ. ಇಲ್ಲಿ ಎತ್ತಿಕೊಂಡಿರುವುದು ಅಂಥ ಒಂದು ಮನೆಯ ಸ್ಥಿತಿ. ಅಲ್ಲಿ ಮೂರು ಪ್ಯಾಕ್‌ಗಳಿದ್ದವು, ಮೂರೂ ಬೇರೆ ಬೇರೆ ಜಾಗದಲ್ಲಿ ಮಳೆಗಾಲ ಕಳೆದಿದ್ದವು. ಹಾಗಾಗಿ ಯಾವುದು ಏಕೆ ಕೆಟ್ಟಿತು ಎಂಬುದನ್ನು ಬಿಡಿಸಿ ನೋಡಲು ಒಳ್ಳೆಯ ಅವಕಾಶವಿತ್ತು.

ಸ್ಥಿತಿ

ಉಡುಪಿ ಕಡೆಯ ಹಂಚಿನ ಮನೆ. ಮನೆಯ ಬಡಗು ಗೋಡೆಗೆ ತಾಗಿಸಿ ತಗಡು ಶೀಟು ಹೊದಿಸಿದ 8 ಅಡಿ ಅಗಲ, 10 ಅಡಿ ಉದ್ದದ ಶೆಡ್ಡು. ಪಡುಗೋಡೆ ಗಾರೆ ಮಾಡದ ಮುರಕಲ್ಲಿನದು (ಜಂಬಿಟ್ಟಿಗೆ); ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೇರವಾಗಿ ಬಡಿಯುವುದು ಅದಕ್ಕೇ. ಟೂಲ್‌ಗಳೆಲ್ಲ ಆ ಗೋಡೆಯ ಮೊಳೆಗಳಿಗೇ ನೇತಾಡುತ್ತಿದ್ದವು. ಚಾರ್ಜರ್ ಶೀಟಿನಿಂದ ಒಂದು ಅಡಿ ಕೆಳಗಿನ ಹಲಗೆಯ ಮೇಲಿತ್ತು.

13 ಮಿ.ಮೀ. ಚಕ್ಕಿನ 18 ವೋಲ್ಟ್ ಡ್ರಿಲ್, ಅದೇ ಕಂಪನಿಯ 100 ಮಿ.ಮೀ. ಗ್ರೈಂಡರ್, 2.0 ಆಂಪ್-ಅವರ್‌ನ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎರಡು ಪ್ಯಾಕ್, 4.0 ಆಂಪ್-ಅವರ್‌ನ ಒಂದು ಪ್ಯಾಕ್. ಸೆಟ್ ದುಬೈಯಿಂದ ಬಂದದ್ದು. ಚಾರ್ಜರಿಗೆ ಅಲ್ಲಿನ ಚೌಕ ಪಿನ್ನಿನ ಪ್ಲಗ್ ಇದ್ದುದರಿಂದ ಸಡಿಲವಾದ ಮಲ್ಟಿ-ಪ್ಲಗ್ ಅಡಾಪ್ಟರ್ ಮೂಲಕ ಸಾಕೆಟಿಗೆ ಸಿಕ್ಕಿಸಲಾಗಿತ್ತು.

ಲೇಬಲ್ ಅಂಟಿಸಿ ಮೂರು ಪ್ಯಾಕ್‌ಗಳಿಗೆ ‘ಅ’, ‘ಆ’, ‘ಇ’ ಎಂದು ಹೆಸರಿಡೋಣ. ಅ ಎಂಬ 2.0 ಪ್ಯಾಕ್ ಮೇ ಕೊನೆಯಿಂದ ಡ್ರಿಲ್‌ನಲ್ಲೇ ಇತ್ತು. ‘ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಎತ್ತಿಡಬೇಕು’ ಎಂಬ ಮಾತು ಕೇಳಿ, ಪ್ಯಾಕಿನ ಮೇಲೆ ಚಾರ್ಜ್ ತೋರಿಸುವ ದೀಪಗಳಲ್ಲಿ ಒಂದೇ ಉಳಿಯುವವರೆಗೆ ಓಡಿಸಿ ಇಟ್ಟಿದ್ದರು. ಆ ಎಂಬ 2.0 ಪ್ಯಾಕ್ ಯಾರೋ ಮರೆತು ಮನೆಯೊಳಗಿನ ಕಪಾಟಿನಲ್ಲಿ ಬಿಟ್ಟದ್ದು, ಆಗ ಅದರಲ್ಲಿ ಎರಡು ದೀಪ ಉರಿಯುತ್ತಿತ್ತು. ಇ ಎಂಬ 4.0 ಪ್ಯಾಕ್ ಗ್ರೈಂಡರಿನದು. ಕೆಲಸ ಮುಗಿದ ಕೂಡಲೇ ಚಾರ್ಜರಿಗೇರುತ್ತಿತ್ತು, ಮುಂದಿನ ಕೆಲಸದವರೆಗೆ ಅಲ್ಲೇ ಕೂತಿರುತ್ತಿತ್ತು.

ಅಳತೆ

ಮೊದಲು ಚಾರ್ಜರ್ ಸರಿಯಿದೆಯೇ ಎಂದು ತಿಳಿಯಬೇಕು. ‘ಆ’ ಪ್ಯಾಕ್ ಹಾಕಿದರೆ ಚಾರ್ಜ್ ಶುರುವಾಯಿತು. ಚಾರ್ಜರಿನಲ್ಲಿ ದೋಷವಿಲ್ಲ.

ಮುಂದಿನದಕ್ಕೆ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಡಿ.ಸಿ. 200 ವೋಲ್ಟ್ ರೇಂಜಿನಲ್ಲಿ ಇಡಬೇಕು. ಹಲವರು 20 ವೋಲ್ಟ್ ರೇಂಜ್ ಬಳಸುತ್ತಾರೆ. ತುಂಬಿದ ಪ್ಯಾಕ್ 21 ವೋಲ್ಟ್ ಇರುವುದರಿಂದ ಮೀಟರ್ ಬರೀ ‘1’ ತೋರಿಸುತ್ತದೆ, ಪ್ಯಾಕ್ ಹಾಳಾಗಿದೆ ಎಂದುಕೊಳ್ಳುತ್ತಾರೆ. ಪ್ರೋಬಿನ ತುದಿಯಲ್ಲಿ 3 ಮಿ.ಮೀ. ಬಿಟ್ಟು ಉಳಿದದ್ದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿಕೊಳ್ಳಿ. ಪ್ಯಾಕಿನ ಪ್ಲಸ್ ಮತ್ತು ಮೈನಸ್ ಪತ್ತಿಗಳ (ಟೂಲಿಗೆ ತಾಗುವ ಲೋಹದ ಪಟ್ಟಿಗಳ) ನಡುವೆ ಪ್ರೋಬ್ ಜಾರಿ ಎರಡಕ್ಕೂ ತಾಗಿದರೆ ಹತ್ತಾರು ಆಂಪಿಯರ್ ಹರಿದು ತುದಿಯೇ ಕರಗುತ್ತದೆ. ಕೆಲವು ಕಂಪನಿಗಳ ಪ್ಯಾಕ್ ಟೂಲಿಗೆ ಸೇರಿದಾಗ ಮಾತ್ರ ವೋಲ್ಟೇಜ್ ಹೊರಬಿಡುತ್ತದೆ. ಅವುಗಳಲ್ಲಿ ಈ ಅಳತೆಗೆ ಅರ್ಥವಿಲ್ಲ.

ಮೀಟರ್ ತೋರಿಸಿದ್ದನ್ನು ಅರ್ಥ ಮಾಡಿಕೊಳ್ಳಲು ಪ್ಯಾಕಿನ ಒಳಗು ಗೊತ್ತಿರಬೇಕು. 18 ವೋಲ್ಟ್ ಎಂದರೆ 3.6 ವೋಲ್ಟಿನ ಐದು ಲಿಥಿಯಂ-ಅಯಾನ್ ಸೆಲ್ ಸಾಲಾಗಿ. ಪ್ರತಿ ಸೆಲ್ ತುಂಬಿದಾಗ 4.2, ಆದ್ದರಿಂದ ಒಟ್ಟು 21. ಡಬ್ಬಿಯ ಮೇಲೆ ‘20 ವೋಲ್ಟ್ ಮ್ಯಾಕ್ಸ್’ ಎಂದಿದ್ದರೂ ಒಳಗಿರುವುದು ಇದೇ ಐದು. 2.0 ಪ್ಯಾಕಿನಲ್ಲಿ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಐದು ಸೆಲ್, ಈ 4.0 ಪ್ಯಾಕಿನಲ್ಲಿ ಅಂಥವೇ ಹತ್ತು, ಎರಡೆರಡು ಜೋಡಿಯಾಗಿ. ಬಳಸದೆ ಒಂದೆರಡು ಗಂಟೆ ಸುಮ್ಮನಿಟ್ಟ ಪ್ಯಾಕ್ 20 ವೋಲ್ಟ್ ತೋರಿಸಿದರೆ ಸುಮಾರು ಮುಕ್ಕಾಲಿಗಿಂತ ಹೆಚ್ಚು ತುಂಬಿದೆ, 18.5ರಿಂದ 19 ಎಂದರೆ ಹೆಚ್ಚುಕಡಿಮೆ ಅರ್ಧ, 17.5 ಎಂದರೆ ತಳ ಕಾಣುತ್ತಿದೆ. 15 ಎಂದರೆ ಖಾಲಿ.

ಅ ತೋರಿಸಿದ್ದು 11.4 ವೋಲ್ಟ್. ಸೆಲ್ಲಿಗೆ ಸರಾಸರಿ 2.28. ಆ 18.9. ಇ ಚಾರ್ಜ್ ಮುಗಿಸಿ ಎರಡು ಗಂಟೆ ಬಿಟ್ಟ ಮೇಲೆ 20.6. ಈ ಮಾದರಿಯ ಪ್ಯಾಕಿನಲ್ಲಿ ಸೆಲ್‌ಗಳ ನಡುವಿನಿಂದ ಹೊರತಂದ ಸಂಪರ್ಕಗಳೂ (ಟ್ಯಾಪ್) ಹೊರಗಿನ ಪತ್ತಿಗಳಲ್ಲೇ ಸಿಗುವುದರಿಂದ ಒಂದೊಂದು ಜೋಡಿಯನ್ನೂ ಅಳೆಯಲು ಸಾಧ್ಯವಾಯಿತು: ನಾಲ್ಕು ಜೋಡಿ 4.17, ಒಂದು ಜೋಡಿ ಮಾತ್ರ 3.92.

ಶೆಡ್ಡಿನಲ್ಲಿ ತಾಪ ಮತ್ತು ತೇವ ಎರಡನ್ನೂ ತೋರಿಸುವ ಸಣ್ಣ ಮೀಟರನ್ನು ಇಟ್ಟು ನೋಡಿದಾಗ, ಮುಂದಿನ ಏಪ್ರಿಲಿನ ಮಧ್ಯಾಹ್ನ ಚಾರ್ಜರ್ ಹಲಗೆಯ ಮಟ್ಟದಲ್ಲಿ 46 ಡಿಗ್ರಿ, ಅದೇ ಹೊತ್ತಿಗೆ ಮನೆಯೊಳಗಿನ ಕಪಾಟಿನಲ್ಲಿ 32. ಜುಲೈಯಲ್ಲಿ ಪಡುಗೋಡೆಯ ಹತ್ತಿರ ತೇವಾಂಶ ಶೇ. 90ರಿಂದ ಕೆಳಗಿಳಿಯಲೇ ಇಲ್ಲ.

ಅ ಪ್ಯಾಕ್ ಏಕೆ ಸತ್ತಿತು

ಪೂರ್ತಿ ಖಾಲಿ ಮಾಡಿ ಇಡುವ ಸಲಹೆ ನಿಕಲ್-ಕ್ಯಾಡ್ಮಿಯಂ ಕಾಲದ್ದು. ಆ ಬ್ಯಾಟರಿಗಳಿಗೆ ಅದು ಒಪ್ಪುತ್ತಿತ್ತು. ಲಿಥಿಯಂ-ಅಯಾನಿಗೆ ಅದೇ ಸಲಹೆ ವಿಷ.

ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. 2.0 ಪ್ಯಾಕಿನಲ್ಲಿ ಶೇ. 10 ಉಳಿದಿದ್ದರೆ ಅದು 200 ಮಿಲಿಆಂಪ್-ಅವರ್. ಪ್ಯಾಕಿನೊಳಗಿನ ರಕ್ಷಣಾ ಸರ್ಕ್ಯೂಟು ಮತ್ತು ಡ್ರಿಲ್ಲಿನ ಸ್ವಿಚ್ ಎಲೆಕ್ಟ್ರಾನಿಕ್ಸ್ ಸೇರಿ ಬರೀ 50 ಮೈಕ್ರೋಆಂಪಿಯರ್ ಎಳೆಯುತ್ತಿದ್ದರೂ ಐದು ತಿಂಗಳಲ್ಲಿ, ಅಂದರೆ ಸುಮಾರು 3600 ಗಂಟೆಯಲ್ಲಿ, 180 ಮಿಲಿಆಂಪ್-ಅವರ್ ಹೋಯಿತು. ಸೆಲ್ ತಾನಾಗಿಯೇ ತಿಂಗಳಿಗೆ ಶೇ. ಒಂದೆರಡು ಕಳೆದುಕೊಳ್ಳುವುದು ಬೇರೆ. ಪತ್ತಿಗಳ ನಡುವೆ ಗ್ರೈಂಡರಿನ ಕಬ್ಬಿಣದ ಪುಡಿ, ಉಪ್ಪುಗಾಳಿ, ತೇವ ಸೇರಿದ್ದರೆ ಅಲ್ಲೂ ಸೋರಿಕೆ. ಎರಡು ದೀಪ ಉಳಿಸಿ, ಡ್ರಿಲ್ಲಿನಿಂದ ಬಿಡಿಸಿ ಇಟ್ಟಿದ್ದರೆ ಇದೇ ಪ್ಯಾಕ್ ದೀಪಾವಳಿಗೂ ಜೀವಂತವಿರುತ್ತಿತ್ತು. ಕಪಾಟಿನಲ್ಲಿದ್ದ ‘ಆ’ ಪ್ಯಾಕೇ ಅದಕ್ಕೆ ಸಾಕ್ಷಿ.

ಸೆಲ್ಲಿನ ವೋಲ್ಟೇಜ್ ತೀರಾ ಕೆಳಗಿಳಿದು ಬಹಳ ದಿನ ಹಾಗೇ ಇದ್ದರೆ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಸೆಲ್ಲಿನೊಳಗೇ ಸಣ್ಣ ಶಾರ್ಟ್ ಆಗಬಹುದು. ಚಾರ್ಜರ್ ಕೆಂಪು ಮಿಟುಕಿಸಿ ನಿರಾಕರಿಸುವುದು ಇದಕ್ಕೇ. 13-14 ವೋಲ್ಟಿನ ಹತ್ತಿರ ಇರುವ ಪ್ಯಾಕನ್ನು ಕೆಲವು ಚಾರ್ಜರ್‌ಗಳು ತಾವೇ ಸಣ್ಣ ಕರೆಂಟಿನಲ್ಲಿ ಎಬ್ಬಿಸಲು ನೋಡುತ್ತವೆ. ಆ ತೀರ್ಮಾನವನ್ನು ಚಾರ್ಜರಿಗೇ ಬಿಡಬೇಕು.

ಇಲ್ಲೊಂದು ಅಪಾಯದ ಚಾಳಿ ಇದೆ. ಒಳ್ಳೆಯ ಪ್ಯಾಕಿನಿಂದ ಎರಡು ವೈರ್ ಎಳೆದು ಸತ್ತ ಪ್ಯಾಕಿಗೆ ಕೊಟ್ಟು ‘ಎಬ್ಬಿಸುವುದು’. 21 ವೋಲ್ಟಿನದನ್ನು 11.4ರದಕ್ಕೆ ಜೋಡಿಸಿದರೆ ವ್ಯತ್ಯಾಸ 9.6 ವೋಲ್ಟ್. ಎರಡೂ ಪ್ಯಾಕಿನ ಒಳರೋಧ ಸೇರಿ 0.2 ಓಮ್ ಎಂದುಕೊಂಡರೆ ಹರಿಯುವುದು 48 ಆಂಪಿಯರ್. ಈ ಅಳತೆಯ ಸೆಲ್ ತಾಳಿಕೊಳ್ಳುವ ಚಾರ್ಜಿಂಗ್ ಕರೆಂಟ್ 2ರಿಂದ 4 ಆಂಪಿಯರ್. ಎದ್ದಂತೆ ಕಂಡ ಪ್ಯಾಕ್ ಆಮೇಲೆ ಚಾರ್ಜರಿನಲ್ಲಿ, ರಾತ್ರಿ, ಮನೆಯೊಳಗೆ ಹೊತ್ತಿಕೊಳ್ಳಬಹುದು. ಅ ಪ್ಯಾಕನ್ನು ಎಬ್ಬಿಸದೆ ಕೈಬಿಡಲಾಯಿತು, ಅದೇ ಸರಿ.

ಕೈಬಿಡುವುದಕ್ಕೂ ಕ್ರಮವಿದೆ. ಪತ್ತಿಗಳ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿ, ಒಣ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಟ್ಟು, ಮಳೆ ತಾಗದಂತೆ ಮನೆಯಿಂದ ದೂರ ಇಡಬೇಕು. ಗುಜರಿಗೆ ಕೊಟ್ಟರೆ ಸುತ್ತಿಗೆಯಿಂದ ಒಡೆಯುತ್ತಾರೆ, ಕಸದ ಲಾರಿಗೆ ಹಾಕಿದರೆ ಒತ್ತುವಾಗ ಬೆಂಕಿ ಹತ್ತಬಹುದು. ಉಪ್ಪುನೀರಿನಲ್ಲಿ ಮುಳುಗಿಸುವ ಉಪಾಯ ಪತ್ತಿಗಳನ್ನು ತಿಂದುಹಾಕುತ್ತದೆ, ಒಳಗಿನ ಸೆಲ್ ಖಾಲಿಯಾಯಿತೇ ಇಲ್ಲವೇ ತಿಳಿಯುವ ದಾರಿಯೇ ಉಳಿಯುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ಉತ್ಪಾದಕರದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಬೇಕು.

ಇ ಪ್ಯಾಕ್: ಬದುಕಿದೆ, ಅರ್ಧ

ಇದರ ದೂರು ‘ಬೇಗ ನಿಲ್ಲುತ್ತದೆ’ ಎಂದು. ಎಷ್ಟು ಉಳಿದಿದೆ ಎಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ: ವಾಹನದ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬ್ ಎರಡನ್ನು ಸಾಲಾಗಿ ಜೋಡಿಸಿ, ನಡುವೆ 5 ಆಂಪಿಯರ್ ಫ್ಯೂಸ್ ಹಾಕಿ, ಪ್ಯಾಕಿಗೆ ಕೊಡುವುದು. 18 ವೋಲ್ಟಿನ ಆಸುಪಾಸಿನಲ್ಲಿ ಸುಮಾರು 1.5 ಆಂಪಿಯರ್ ಎಳೆಯುತ್ತದೆ. ಸರಿಯಿರುವ 4.0 ಪ್ಯಾಕ್ ಎರಡೂವರೆ ಗಂಟೆ ದಾಟಬೇಕು. ಬಲ್ಬ್ ಮುಟ್ಟಿದರೆ ಸುಡುತ್ತದೆ, ಕಡಪ ಕಲ್ಲಿನ ತುಂಡಿನ ಮೇಲಿಡಿ.

ಈ ಪರೀಕ್ಷೆಯಲ್ಲಿ ಎದ್ದುಹೋಗುವಂತಿಲ್ಲ. ಅನೇಕ ಪ್ಯಾಕ್‌ಗಳು ತಾವಾಗಿ ಕಟ್ ಆಗುವುದಿಲ್ಲ. ‘ಸಾಕು’ ಎಂಬ ಸಂಕೇತವನ್ನು ಟೂಲಿಗೆ ಕೊಡುತ್ತವೆ, ನಿಲ್ಲಿಸುವುದು ಟೂಲು. ಬಲ್ಬಿಗೆ ಆ ಸಂಕೇತ ತಿಳಿಯದು. ಟ್ಯಾಪ್ ಇಲ್ಲದ ಪ್ಯಾಕಾದರೆ ಒಟ್ಟು 16.5 ವೋಲ್ಟಿಗೆ ಬಲ್ಬ್ ತೆಗೆಯುವುದು ಕ್ಷೇಮ. ಇಲ್ಲಿ ದುರ್ಬಲ ಜೋಡಿಯನ್ನೇ ಹತ್ತು ನಿಮಿಷಕ್ಕೊಮ್ಮೆ, ಕೊನೆಯಲ್ಲಿ ಎರಡು ನಿಮಿಷಕ್ಕೊಮ್ಮೆ ಅಳೆಯಲಾಯಿತು. ಅದು 3.0 ಮುಟ್ಟಿದಾಗ ಒಂದೂವರೆ ಗಂಟೆ ಆಗಿತ್ತು. ಪ್ಯಾಕ್ ಒಟ್ಟು ಇನ್ನೂ 17.3 ವೋಲ್ಟ್ ತೋರಿಸುತ್ತಿತ್ತು. ಕೊಟ್ಟದ್ದು ಹೆಚ್ಚುಕಡಿಮೆ 2.25 ಆಂಪ್-ಅವರ್. ನಾಲ್ಕು ಜೋಡಿಗಳಲ್ಲಿ ಶಕ್ತಿ ಉಳಿದಿದ್ದರೂ ಐದನೆಯದು ಸೋತದ್ದರಿಂದ ಟೂಲ್ ನಿಲ್ಲುತ್ತದೆ.

ಕಾರಣ ಬಿಸಿ ಮತ್ತು ತುಂಬಿದ ಸ್ಥಿತಿ, ಎರಡೂ ಒಟ್ಟಿಗೆ. ಗ್ರೈಂಡರ್ ಪ್ಯಾಕನ್ನು ಕಾಯಿಸುತ್ತದೆ. ಆ ಬಿಸಿಯಲ್ಲೇ, ಶೀಟಿನ ಬುಡದ 46 ಡಿಗ್ರಿಯಲ್ಲಿ, ಚಾರ್ಜರಿಗೇರಿದರೆ ಸೆಲ್ಲಿನೊಳಗಿನ ರಾಸಾಯನಿಕ ಸವೆತ ಓಡುತ್ತದೆ. ತಾಪ 10 ಡಿಗ್ರಿ ಏರಿದಂತೆ ಸವೆತ ಸುಮಾರು ಇಮ್ಮಡಿ ಎಂಬುದು ಕೈಲೆಕ್ಕ. 25 ಡಿಗ್ರಿಯಲ್ಲಿ ಅರೆ ಚಾರ್ಜಿನಲ್ಲಿ ಇಟ್ಟ ಸೆಲ್ ವರ್ಷಕ್ಕೆ ಶೇ. ನಾಲ್ಕರಷ್ಟು ಸಾಮರ್ಥ್ಯ ಕಳೆದುಕೊಂಡರೆ, 40 ಡಿಗ್ರಿಯಲ್ಲಿ ಪೂರ್ತಿ ತುಂಬಿ ಇಟ್ಟದ್ದು ಮೂರರಲ್ಲಿ ಒಂದು ಪಾಲಿನಷ್ಟು ಕಳೆದುಕೊಳ್ಳಬಹುದು. ಅಂಗಡಿಯಲ್ಲಿ ‘ಗ್ರೈಂಡರ್ ಹಾಕಿದರೆ ಬ್ಯಾಟರಿ ಹೋಗುತ್ತದೆ’ ಎನ್ನುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ, ಆದರೆ ಈ ಪ್ಯಾಕ್ ಹೆಚ್ಚು ಸವೆದದ್ದು ಕೆಲಸವಿಲ್ಲದೆ ಕೂತಿದ್ದ ವಾರಗಳಲ್ಲಿ.

ಇ ಪ್ಯಾಕನ್ನು ಎಸೆಯಬೇಕಾಗಿಲ್ಲ. ಗ್ರೈಂಡರಿನಿಂದ ಬಿಡಿಸಿ ಡ್ರಿಲ್ಲಿನ ಸ್ಕ್ರೂ ಕೆಲಸಕ್ಕೆ, ಎಲ್‌ಇಡಿ ಲ್ಯಾಂಪಿಗೆ ಬಳಸಬಹುದು. ಸೆಲ್ ಜೋಡಿಗಳ ವ್ಯತ್ಯಾಸ ತಿಂಗಳಿಗೊಮ್ಮೆ ನೋಡಬೇಕು. ಅರ್ಧ ವೋಲ್ಟ್ ದಾಟಿದರೆ ಅದೂ ಮಡಕೆಗೆ.

ಗ್ರೈಂಡರಿಗೆ ಹೊಸ 4.0 ಪ್ಯಾಕ್ ಬೇಕಾಯಿತು. ಭಾರದ ಕೆಲಸದಲ್ಲಿ 30 ಆಂಪಿಯರ್ ಹರಿಯುವಾಗ ಐದು ಸೆಲ್ಲಿನ 2.0 ಪ್ಯಾಕಿನಲ್ಲಿ ಒಂದೊಂದು ಸೆಲ್ಲೂ 30 ಹೊರಬೇಕು. ಜೋಡಿ ಸೆಲ್ಲಿನ ಪ್ಯಾಕಿನಲ್ಲಿ 15. ಗ್ರೈಂಡರಿಗೆ 2.0 ಪ್ಯಾಕ್ ಹಾಕಬಾರದು ಎನ್ನುವುದು ಇದೇ ಲೆಕ್ಕದಿಂದ. ಕೊಳ್ಳುವಾಗ ಅಂಗಡಿಯಲ್ಲೇ ಮೀಟರ್ ಹಚ್ಚಿ ನೋಡಿ: ಹೊಸ ಪ್ಯಾಕ್ ಸಾಗಣೆಗಾಗಿ ಸುಮಾರು ಶೇ. 30 ಚಾರ್ಜಿನಲ್ಲಿ ಬರುತ್ತದೆ, 17.5ರಿಂದ 18.3 ವೋಲ್ಟ್ ಇರಬೇಕು. 16.5ಕ್ಕಿಂತ ಕೆಳಗಿದ್ದರೆ ಕಪಾಟಿನಲ್ಲಿ ಬಹಳ ಕಾಲ ಕೂತಿದೆ, ಬೇರೆಯದು ಕೇಳಿ. ಆನ್‌ಲೈನಿನಲ್ಲಿ ‘48ವಿಎಫ್’, ‘88ವಿಎಫ್’ ಎಂದು ಬರೆದು ಮಾರುವ ಹೆಸರಿಲ್ಲದ ಪ್ಯಾಕ್‌ಗಳ ಆ ಸಂಖ್ಯೆಗೆ ವಿದ್ಯುತ್ತಿನ ಅರ್ಥವೇನೂ ಇಲ್ಲ. ಸಾಮಾನ್ಯವಾಗಿ ಒಳಗೆ ಇದೇ ಐದು ಸೆಲ್, ಅದೂ ಕಡಿಮೆ ಸಾಮರ್ಥ್ಯದವು.

ಜಾಗ ಬದಲಾಯಿಸಿದ್ದು

ಈ ಮನೆಯಲ್ಲಿ ‘ಬಿಸಿಯಲ್ಲಿ ಚಾರ್ಜ್ ಮಾಡಬೇಡಿ, ಟೂಲಿನಲ್ಲಿ ಬಿಡಬೇಡಿ’ ಎಂದು ಹೇಳಿಬಿಟ್ಟರೆ ಒಂದು ತಿಂಗಳು ನಡೆಯುತ್ತಿತ್ತು, ಹೆಚ್ಚೆಂದರೆ ಎರಡು. ಮರೆತರೂ ತಪ್ಪಾಗದಂತೆ ಜಾಗವನ್ನೇ ಜೋಡಿಸಬೇಕಿತ್ತು.

ಪ್ಯಾಕ್ ಮತ್ತು ಚಾರ್ಜರ್ ಶೆಡ್ಡಿನಿಂದ ಹೊರಬಿದ್ದು ಮನೆಯೊಳಗಿನ ಓಣಿಗೆ ಬಂದವು. ನೆಲದಿಂದ 4 ಅಡಿ ಎತ್ತರದಲ್ಲಿ ಟೈಲ್ಸ್ ಹಾಸಿದ ಸಿಮೆಂಟ್ ಹಲಗೆ. ಸುತ್ತ ಪರದೆ, ಪೇಪರು, ಗ್ಯಾಸ್ ಸಿಲಿಂಡರ್ ಇಲ್ಲ. ಬೆಂಕಿ ಬಿದ್ದರೂ ಹೊರಗೋಡುವ ಬಾಗಿಲಿಗೆ ಅಡ್ಡವಾಗದ ಜಾಗ. ಮಲ್ಟಿ-ಪ್ಲಗ್ ಅಡಾಪ್ಟರ್ ತೆಗೆದುಹಾಕಿ ಚಾರ್ಜರಿನ ವೈರಿಗೆ ಇಲ್ಲಿನ 6 ಆಂಪಿಯರ್ ಪ್ಲಗ್ ಹಾಕಲಾಯಿತು. ದುಬೈಯ ಪ್ಲಗ್ಗಿನೊಳಗೇ ಒಂದು ಫ್ಯೂಸ್ ಇರುತ್ತದೆ. ಅದನ್ನು ಕತ್ತರಿಸಿದ ಮೇಲೆ ಆ ರಕ್ಷಣೆ ಇಲ್ಲವಾದ್ದರಿಂದ ಆ ಸಾಕೆಟ್ 6 ಆಂಪಿಯರ್ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಮೇಲೆಯೇ ಇದೆಯೆಂದು ಎಲೆಕ್ಟ್ರೀಷಿಯನ್ ಖಚಿತಪಡಿಸಿಕೊಂಡರು. ಕೊಲ್ಲಿಯ ಚಾರ್ಜರ್ ನಮ್ಮ 230 ವೋಲ್ಟಿಗೆ ಹೊಂದುತ್ತದೆ. ಅಮೆರಿಕದಿಂದ ತಂದ 120 ವೋಲ್ಟ್ ಚಾರ್ಜರಾದರೆ ಪಿನ್ ಬದಲಿಸಿ ಸಿಕ್ಕಿಸಿದ ಕ್ಷಣವೇ ಸುಡುತ್ತದೆ; ಅದೇ ಕಂಪನಿಯ 230 ವೋಲ್ಟ್ ಚಾರ್ಜರ್ ಇಲ್ಲೇ ಕೊಳ್ಳುವುದು ಲೇಸು, ಪ್ಯಾಕ್ ಅದೇ ಬಳಸಬಹುದು. ವಿಮಾನದಲ್ಲಿ ಬಿಡಿ ಪ್ಯಾಕ್ ಕೈಚೀಲದಲ್ಲೇ ಬರಬೇಕು, ಪತ್ತಿ ಮುಚ್ಚಿರಬೇಕು. 18 ವೋಲ್ಟ್ 5.0 ಪ್ಯಾಕ್ 90 ವ್ಯಾಟ್-ಅವರ್ ಆಗುವುದರಿಂದ 100ರ ಮಿತಿಯೊಳಗಿದೆ, 6.0 ಆದರೆ 108, ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಹಲಗೆಯ ಮೇಲೆ ಮೂರು ಗೂಡು: ತಣಿಯುತ್ತಿರುವುದು, ಚಾರ್ಜ್ ಆಗುತ್ತಿರುವುದು, ಸಿದ್ಧ. ಕೆಲಸದಿಂದ ಬಂದ ಪ್ಯಾಕ್ ಅರ್ಧ ಗಂಟೆ ತಣಿದೇ ಚಾರ್ಜರಿಗೇರಬೇಕು. ಏಪ್ರಿಲ್-ಮೇಯಲ್ಲಿ ಸಂಜೆ ಗುಡುಗು-ಮಿಂಚು ಸಾಮಾನ್ಯವಾದ್ದರಿಂದ ಬೆಳಿಗ್ಗೆ, ಮನೆಯವರು ಎಚ್ಚರವಿರುವಾಗ ಚಾರ್ಜ್. ಮುಗಿದ ಮೇಲೆ ಪ್ಲಗ್ ಹೊರಗೆ.

ಶೆಡ್ಡಿನಲ್ಲಿ ಟೂಲ್‌ಗಳು ಪಡುಗೋಡೆ ಬಿಟ್ಟು ಮನೆಗೆ ಹೊಂದಿದ ಗೋಡೆಗೆ ಬಂದವು. 12 ಮಿ.ಮೀ. ದಪ್ಪದ, ನೀರು ತಾಳುವ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡಿನ 8×4 ಅಡಿ ಶೀಟು ಒಂದನ್ನು ಎರಡಾಗಿ ಕೊಯ್ಯಿಸಿ, ಒಂದು ತುಂಡು ಗೋಡೆಹಲಗೆಗೆ, ಇನ್ನೊಂದು ಗೂಡುಗಳಿಗೆ. ಮರದ ನಾರು ಒತ್ತಿ ಮಾಡಿದ ತೂತಿನ ಎಂಡಿಎಫ್ ಬೋರ್ಡ್ ಇಲ್ಲಿ ಒಂದೇ ಮಳೆಗಾಲಕ್ಕೆ ಊದಿಕೊಳ್ಳುತ್ತದೆ. ಗೋಡೆಗೂ ಹಲಗೆಗೂ ನಡುವೆ 25 ಮಿ.ಮೀ. ದಪ್ಪದ ರೀಪು ಕೊಟ್ಟು ಗಾಳಿಯಾಡುವಂತೆ ಮಾಡಲಾಯಿತು. ಮುರಕಲ್ಲಿಗೆ 35 ಮಿ.ಮೀ.ನ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಹಿಡಿಯುವುದಿಲ್ಲ, ಎಳೆದರೆ ಪುಡಿಯ ಸಮೇತ ಬರುತ್ತದೆ. 10 ಮಿ.ಮೀ. ತೂತು, 100 ಮಿ.ಮೀ. ಉದ್ದದ ಫ್ರೇಮ್ ಫಿಕ್ಸಿಂಗ್ (ಸ್ಕ್ರೂ ಸಮೇತದ ಉದ್ದನೆಯ ಪ್ಲಗ್) ಬೇಕು. ಹ್ಯಾಮರ್ ಆಫ್ ಮಾಡಿ ಕೊರೆಯಬೇಕು, ಇಲ್ಲದಿದ್ದರೆ ತೂತಿನ ಬಾಯಿ ಅಗಲವಾಗುತ್ತದೆ. ಕಲ್ಲಿನ ಅಂಚಿನಿಂದ ಮೂರು ಇಂಚು ಒಳಗಿರಲಿ, ಪುಡಿ ಊದಿ ತೆಗೆಯಿರಿ.

ಡ್ರಿಲ್ ಮತ್ತು ಗ್ರೈಂಡರಿನ ಗೂಡೇ ಈ ಜೋಡಣೆಯ ಮುಖ್ಯ ಭಾಗ. ಡ್ರಿಲ್ಲಿನ ಗೂಡಿನ ಮೇಲ್ಹಲಗೆಯಲ್ಲಿ ಮುಂದಿನಿಂದ ಹಿಂದಕ್ಕೆ 50 ಮಿ.ಮೀ. ಅಗಲದ ಸೀಳು, ಹಿಡಿ ಕೆಳಗೆ ಇಳಿಬಿದ್ದು, ಮೈ ಹಲಗೆಯ ಮೇಲೆ ಕೂರುತ್ತದೆ. ಕೆಳಹಲಗೆಯ ಎತ್ತರವನ್ನು ಪ್ಯಾಕ್ ಇಲ್ಲದ ಹಿಡಿಯ ಉದ್ದಕ್ಕೆ 15 ಮಿ.ಮೀ. ಮಾತ್ರ ಕೂಡಿಸಿ ನಿಗದಿ ಮಾಡಲಾಯಿತು. ಪ್ಯಾಕ್ ತೆಗೆಯದೆ ಡ್ರಿಲ್ ಗೂಡಿನೊಳಗೆ ಹೋಗುವುದೇ ಇಲ್ಲ. ಗ್ರೈಂಡರಿನ ಪ್ಯಾಕ್ ಹಿಂಬದಿಗೆ ಇರುವುದರಿಂದ ಅದರ ಗೂಡಿನ ಆಳವನ್ನು ಹಾಗೆಯೇ ಕಡಿಮೆ ಮಾಡಿ, ಮುಂದೆ ಒಂದು ಬಾಗಿಲು; ಪ್ಯಾಕ್ ಇದ್ದರೆ ಬಾಗಿಲು ಮುಚ್ಚದು. ಐದು ತಿಂಗಳು ಡ್ರಿಲ್ಲಿನಲ್ಲೇ ಉಳಿದು ಸತ್ತ ಅ ಪ್ಯಾಕಿನ ಕಥೆ ಈ 15 ಮಿ.ಮೀ.ನಿಂದ ನಿಂತಿತು.

ಬಿಟ್‌ಗಳನ್ನು ಕೆಲಸದ ಪ್ರಕಾರ ಇಟ್ಟರೆ ಹುಡುಕಾಟ ಕಡಿಮೆ: ಗೋಡೆ ಕೆಲಸದ ಡಬ್ಬಿಯಲ್ಲಿ 6, 8, 10 ಮಿ.ಮೀ. ಮೇಸನರಿ ಬಿಟ್, ಅದಕ್ಕೆ ಹೊಂದುವ ಪ್ಲಗ್, ಸ್ಕ್ರೂ ಒಟ್ಟಿಗೆ. ಬಿಡಿ ಸ್ಕ್ರೂ ಇರುವ ಡಬ್ಬಿಗೆ ಪ್ಯಾಕ್ ಎಂದೂ ಹಾಕಬಾರದು, ಒಂದೇ ಸ್ಕ್ರೂ ಸಾಕು ಶಾರ್ಟ್ ಆಗಲು.

ತುಕ್ಕಿಗೆ: ಚಕ್ಕಿನ ದವಡೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಬಿಗಿದು ಸಡಿಲಿಸಿ ಒರೆಸುವುದು. ತೆಂಗಿನೆಣ್ಣೆ ಬೇಡ, ಕಾಲಕ್ರಮದಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಪ್ಯಾಕಿನ ಪತ್ತಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬೇಕು. ಮರಳುಕಾಗದ ಉಜ್ಜಿದರೆ ಮೇಲಿನ ಲೇಪ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಹಸಿರುಗಟ್ಟುತ್ತದೆ.

ಮುಂದಿನ ಮಳೆಗಾಲ

ಜೂನ್ ಮೊದಲ ವಾರ ಮೂರೂ ಪ್ಯಾಕ್‌ಗಳನ್ನು, ಅಂದರೆ ಆ, ಇ ಮತ್ತು ಹೊಸತು, 18.5ರಿಂದ 19 ವೋಲ್ಟಿಗೆ ತಂದು, ಪತ್ತಿಗೆ ಮುಚ್ಚಳ ಹಾಕಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜತೆ ಮನೆಯೊಳಗೆ ಇಡಲಾಯಿತು. ಫ್ರಿಜ್ಜಿನಲ್ಲಿಡುವ ಸಲಹೆಯೂ ಬಂದಿತ್ತು. ಕರಾವಳಿಯ ಗಾಳಿಯಲ್ಲಿ ತಣ್ಣನೆಯ ಪ್ಯಾಕ್ ಹೊರತೆಗೆದರೆ ಒಳಗೂ ಹೊರಗೂ ನೀರು ಬೆವರುತ್ತದೆ, ಅದು ಬೇಡ. ಅಳತೆಯ ದಿನ ಮರೆಯದಂತೆ ಆಟಿ ಅಮಾವಾಸ್ಯೆ ಮತ್ತು ಚೌತಿ ಎಂದು ಗೊತ್ತುಮಾಡಿ, ಡಬ್ಬಿಯ ಮುಚ್ಚಳದ ಮೇಲೆಯೇ ವೋಲ್ಟೇಜ್ ಬರೆಯುವುದು.

ಎರಡು ತೊಡಕು ಬಂದವು. ಡಬ್ಬಿ ಪದೇ ಪದೇ ತೆರೆದದ್ದರಿಂದ ಜುಲೈ ಮೂರನೇ ವಾರಕ್ಕೇ ನೀಲಿ ಜೆಲ್ ಗುಲಾಬಿಯಾಯಿತು. ಅದನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ ಒಣಗಿಸಬಹುದು, ಆದರೆ ನೀಲಿ ಬಣ್ಣ ಕೋಬಾಲ್ಟ್ ಲವಣದ್ದು. ಅಡುಗೆಯ ಬಾಣಲೆಯಲ್ಲಿ ಕೂಡದು. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದೇ ಒಳ್ಳೆಯದು. ಎರಡನೆಯದು, ಅಪರೂಪಕ್ಕೆ ಡ್ರಿಲ್ ಬಳಸಿದಾಗ ಬಿಸಿ ಪ್ಯಾಕ್ ಮತ್ತೆ ನೇರ ಚಾರ್ಜರಿಗೇ ಹೋಗುತ್ತಿತ್ತು. ತಣಿಯುವ ಗೂಡು ಹಲಗೆಯ ಆ ತುದಿಯಲ್ಲಿ, ಚಾರ್ಜರ್ ಈ ತುದಿಯಲ್ಲಿ ಬಾಗಿಲಿನ ಬಳಿ ಇತ್ತು. ಎರಡನ್ನೂ ಅದಲುಬದಲು ಮಾಡಿ, ಬಾಗಿಲಿಂದ ಬಂದವರ ಕೈಗೆ ಮೊದಲು ತಣಿಯುವ ಗೂಡೇ ಸಿಗುವಂತೆ ಮಾಡಿದ ಮೇಲೆ ಹೇಳಬೇಕಾಗಲಿಲ್ಲ.

ಚೌತಿಯ ದಿನದ ಓದು: ಆ 18.7, ಹೊಸತು 18.8, ಇ 18.3, ಅದರ ದುರ್ಬಲ ಜೋಡಿ 3.48. ಆಯುಧ ಪೂಜೆಗೆ ಪ್ಯಾಕ್ ಬೇರೆಯಾಗಿಯೇ ಇಟ್ಟು, ಕುಂಕುಮವನ್ನು ಡ್ರಿಲ್ಲಿನ ಪ್ಲಾಸ್ಟಿಕ್ ಮೈಗೆ ಮಾತ್ರ ಹಚ್ಚಲಾಯಿತು. ಗಾಳಿ ಕಿಂಡಿಗೂ ಪತ್ತಿಗೂ ಅರಿಶಿನದ ನೀರು ಸೋಕದಂತೆ. ಮರುದಿನ ‘ಆ’ ಪ್ಯಾಕ್ ಹಾಕಿ ಟ್ರಿಗರ್ ಒತ್ತಿದರೆ ಡ್ರಿಲ್ ತಿರುಗಿತು.